ನರ-ಸ್ನಾಯು ಕಾಯಿಲೆಗಳಲ್ಲಿ ಚಯಾಪಚಯ ಮತ್ತು ಸ್ನಾಯುವಿನ ಹೊಂದಾಣಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನರ-ಸ್ನಾಯು ಕಾಯಿಲೆ ಇರುವವರ ಮನೆಯವರು, ಫಿಸಿಯೋಥೆರಪಿ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ವಂಶವಾಹಿ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಮುಂದೇನು ಎಂದು ಯೋಚಿಸುತ್ತಿರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಹೆಚ್ಚಿನ ಉದಾಹರಣೆಗಳನ್ನು, ಹುಡುಗರಲ್ಲಿ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿಯಿಂದ ಆರಿಸಿಕೊಳ್ಳಲಾಗಿದೆ, ಏಕೆಂದರೆ ಸ್ನಾಯು ಕಾಯಿಲೆಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದವುಗಳಲ್ಲಿ ಅದೂ ಒಂದು. ಔಷಧ, ಆಹಾರ, ವ್ಯಾಯಾಮ ಯಾವುದನ್ನೂ ಇದನ್ನು ಓದಿ ತಾವಾಗಿಯೇ ಬದಲಾಯಿಸಿಕೊಳ್ಳಬಾರದು; ಮಗುವನ್ನು ನೋಡಿಕೊಳ್ಳುತ್ತಿರುವ ವೈದ್ಯರೊಂದಿಗೆ ಮಾತಾಡಿಯೇ ಮುಂದುವರಿಯಬೇಕು.

ದೋಷ ವಂಶವಾಹಿಯಲ್ಲಿದೆ ಎಂದ ಮೇಲೆ ಚಯಾಪಚಯದ ಮಾತು ಏಕೆ ಬರುತ್ತದೆ?

ವಂಶವಾಹಿಯ ದೋಷ ಕಾಯಿಲೆಯನ್ನು ಹುಟ್ಟಿಸುತ್ತದೆ. ಆದರೆ ಆ ದೋಷವನ್ನು ಹೊತ್ತ ಸ್ನಾಯು ಎಷ್ಟು ಕಾಲ ತಾಳಿಕೊಳ್ಳುತ್ತದೆ, ಯಾವ ಸ್ನಾಯು ಮೊದಲು ಸೋಲುತ್ತದೆ, ಹಾನಿಯಾದ ಜಾಗದಲ್ಲಿ ಹೊಸ ಸ್ನಾಯುತಂತು ಬೆಳೆಯುತ್ತದೆಯೋ ಅಥವಾ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತವೆಯೋ ಎಂಬುದರಲ್ಲೆಲ್ಲ ಸ್ನಾಯುವಿನ ಚಯಾಪಚಯದ, ಅಂದರೆ ಅದರ ಶಕ್ತಿ ವ್ಯವಹಾರದ, ಪಾಲು ದೊಡ್ಡದು. ಒಂದೇ ಕಾಯಿಲೆಯಿರುವ ಇಬ್ಬರು ಹುಡುಗರಲ್ಲಿ, ಒಬ್ಬನದೇ ದೇಹದ ಎರಡು ಸ್ನಾಯುಗಳಲ್ಲಿ ಕೂಡ, ಕಾಯಿಲೆ ಬೇರೆ ಬೇರೆ ವೇಗದಲ್ಲಿ ಮುಂದುವರಿಯುವುದಕ್ಕೆ ಇದೂ ಒಂದು ಕಾರಣ.

ವಯಸ್ಕರ ದೇಹತೂಕದಲ್ಲಿ ಸುಮಾರು 40% ಪಾಲು ಎಲುಬಿಗೆ ಅಂಟಿದ ಸ್ನಾಯುಗಳದ್ದು. ಅವು ಸಂಕುಚಿಸಲು, ಶಕ್ತಿಯನ್ನು ಒದಗಿಸುವ ಎಟಿಪಿ ಎಂಬ ಅಣು ಬೇಕು. ಸ್ನಾಯುವಿನಲ್ಲಿ ಕೂಡಿಟ್ಟ ಎಟಿಪಿ ಜೋರಾದ ದುಡಿಮೆಯಲ್ಲಿ ಕೆಲವೇ ಸೆಕೆಂಡುಗಳಿಗೆ ಸಾಕಾಗುತ್ತದೆ. ಕ್ರಿಯಾಟಿನ್ ಫಾಸ್ಫೇಟ್ ಎಂಬ ಮೀಸಲು ಇನ್ನೂ ಸುಮಾರು 10 ಸೆಕೆಂಡು ನಡೆಸಿಕೊಡುತ್ತದೆ. ಬಳಿಕ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಒಡೆಯಬೇಕು. ಹೊತ್ತು ಕಳೆದಂತೆ ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳು ಆಮ್ಲಜನಕವನ್ನು ಬಳಸಿ ಸಕ್ಕರೆಯನ್ನೂ ಕೊಬ್ಬಿನಾಮ್ಲಗಳನ್ನೂ ಉರಿಸಬೇಕು. ಎಟಿಪಿ ಬರಿಯ ಸಂಕೋಚನಕ್ಕೆ ಖರ್ಚಾಗುವುದಿಲ್ಲ. ಸಂಕೋಚನ ಮುಗಿದ ಮೇಲೆ ಕ್ಯಾಲ್ಸಿಯಮ್ಮನ್ನು ಅದರ ಜಾಗಕ್ಕೆ ಹಿಂದಿರುಗಿಸುವ ಪಂಪಿಗೆ, ಪೊರೆಯ ಆಚೀಚೆ ಸೋಡಿಯಂ ಮತ್ತು ಪೊಟ್ಯಾಸಿಯಂ ಪ್ರಮಾಣವನ್ನು ಕಾಪಾಡುವ ಪಂಪಿಗೆ, ಹರಿದ ಪೊರೆಯ ದುರಸ್ತಿಗೆ, ಹೊಸ ಪ್ರೋಟೀನ್ ಕಟ್ಟುವುದಕ್ಕೆ, ಎಲ್ಲಕ್ಕೂ ಎಟಿಪಿಯೇ ಬೇಕು. ಕಾಯಿಲೆಯ ಸ್ನಾಯುವಿನಲ್ಲಿ ಈ ಖರ್ಚು ಏರುತ್ತದೆ. ಅದೇ ಹೊತ್ತಿನಲ್ಲಿ ಉತ್ಪಾದನೆ ಇಳಿಯುತ್ತದೆ.

ಸ್ನಾಯು 'ಹೊಂದಿಕೊಳ್ಳುವುದು' ಎಂದರೆ ನಿಖರವಾಗಿ ಏನು?

ಮೇಲೆ ಬಿದ್ದ ಕೆಲಸಕ್ಕೆ, ಸಿಗುವ ಇಂಧನಕ್ಕೆ ಮತ್ತು ನರದಿಂದ ಬರುವ ಸಂಕೇತಕ್ಕೆ ತಕ್ಕಂತೆ ಸ್ನಾಯು ತನ್ನ ಗಾತ್ರವನ್ನೂ ರಚನೆಯನ್ನೂ ಇಂಧನದ ಆಯ್ಕೆಯನ್ನೂ ಬದಲಿಸಿಕೊಳ್ಳುವುದು. ನಿಧಾನ ತಂತುಗಳಲ್ಲಿ ಮೈಟೊಕಾಂಡ್ರಿಯ ಹೆಚ್ಚು, ರಕ್ತನಾಳ ಹೆಚ್ಚು, ದಣಿವು ಕಡಿಮೆ. ವೇಗದ ತಂತುಗಳು ಗ್ಲೈಕೋಜನ್ ಒಡೆದು ಥಟ್ಟನೆ ಬಲ ಕೊಡುತ್ತವೆ, ಬೇಗ ದಣಿಯುತ್ತವೆ. ಈ ಎರಡರ ನಡುವೆ ಮಧ್ಯಮ ಬಗೆಯವೂ ಇವೆ.

ತಂತುವಿನ ಬಗೆಯನ್ನು ನಿರ್ಧರಿಸುವುದರಲ್ಲಿ ನರದ ಪಾತ್ರ ಎಷ್ಟು ದೊಡ್ಡದು ಎಂಬುದನ್ನು 1960ರಲ್ಲಿ ಬುಲ್ಲರ್, ಜಾನ್ ಎಕ್ಲ್ಸ್ ಮತ್ತು ಅವರ ಮಗಳು ರೋಸಮಂಡ್ ಎಕ್ಲ್ಸ್ ಎಂಬ ವಿಜ್ಞಾನಿಗಳು ಬೆಕ್ಕುಗಳಲ್ಲಿ ತೋರಿಸಿದರು: ವೇಗದ ಸ್ನಾಯುವಿನ ನರವನ್ನು ನಿಧಾನ ಸ್ನಾಯುವಿಗೂ, ನಿಧಾನದ್ದನ್ನು ವೇಗದ್ದಕ್ಕೂ ಅದಲುಬದಲು ಮಾಡಿ ಜೋಡಿಸಿದಾಗ ಸ್ನಾಯುಗಳ ಸಂಕೋಚನದ ವೇಗವೇ ಬದಲಾಯಿತು. ನರ ಸಾಯುವ ಕಾಯಿಲೆಗಳಲ್ಲಿ ಬಯಾಪ್ಸಿ ತೆಗೆದು ಬಣ್ಣ ಹಾಕಿದರೆ ಒಂದೇ ಬಗೆಯ ತಂತುಗಳು ಗುಂಪುಗುಂಪಾಗಿ ಕಾಣುವುದು ಇದೇ ಕಾರಣಕ್ಕೆ. ಉಳಿದ ನರಕೋಶದ ಕವಲು ಅನಾಥವಾದ ತಂತುಗಳನ್ನು ತಲುಪಿ, ಅವುಗಳನ್ನು ತನ್ನ ಬಗೆಗೆ ತಿರುಗಿಸಿಕೊಂಡಿರುತ್ತದೆ.

ನರದ ಸಂಕೇತದ ಜೊತೆಗೆ ಇಂಧನದ ಸ್ಥಿತಿಯನ್ನು ಅಳೆಯುವ ವ್ಯವಸ್ಥೆಯೂ ಜೀವಕೋಶದೊಳಗಿದೆ. ಎಟಿಪಿ ಕಡಿಮೆಯಾದಾಗ ಎಎಂಪಿಕೆ ಎಂಬ ಕಿಣ್ವ ಎಚ್ಚೆತ್ತು, ಪಿಜಿಸಿ-1 ಆಲ್ಫಾ ಎಂಬ ನಿಯಂತ್ರಕದ ಮೂಲಕ ಹೊಸ ಮೈಟೊಕಾಂಡ್ರಿಯಗಳನ್ನು ಕಟ್ಟಿಸುತ್ತದೆ. ಅಮೈನೋ ಆಮ್ಲ ಮತ್ತು ಇನ್ಸುಲಿನ್ ಸಾಕಷ್ಟಿದ್ದಾಗ ಎಂಟಾರ್ ಎಂಬ ಇನ್ನೊಂದು ಕಿಣ್ವ ಪ್ರೋಟೀನ್ ಕಟ್ಟುವ ಕೆಲಸವನ್ನು ಮುಂದೂಡದೆ ನಡೆಸುತ್ತದೆ, ಹಳೆಯ ಭಾಗಗಳನ್ನು ಅರಗಿಸಿಕೊಳ್ಳುವ ಕೆಲಸವನ್ನು ತಡೆಯುತ್ತದೆ. ಆರೋಗ್ಯವಂತ ಸ್ನಾಯುವಿನಲ್ಲಿ ಈ ಎರಡೂ ಸರದಿಯಲ್ಲಿ ನಡೆಯುತ್ತವೆ. ನರ-ಸ್ನಾಯು ಕಾಯಿಲೆಗಳಲ್ಲಿ ಸರದಿ ತಪ್ಪುತ್ತದೆ.

ಡುಶೆನ್‌ನಲ್ಲಿ ಇಲ್ಲದಿರುವುದು ಡಿಸ್ಟ್ರೊಫಿನ್. ಹಾಗಿದ್ದರೆ ಶಕ್ತಿ ಉತ್ಪಾದನೆ ಕುಸಿಯುವುದೇಕೆ?

ಡಿಸ್ಟ್ರೊಫಿನ್ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. 79 ಎಕ್ಸಾನ್‌ಗಳಿರುವ (ಪ್ರೋಟೀನಿನ ಸೂಚನೆ ಹೊತ್ತ ತುಣುಕುಗಳು) ಈ ವಂಶವಾಹಿ ಮನುಷ್ಯರಲ್ಲಿ ಅತಿ ಉದ್ದನೆಯವುಗಳಲ್ಲಿ ಒಂದು. ಅದರಿಂದ ತಯಾರಾಗುವ ಪ್ರೋಟೀನನ್ನು 1987ರಲ್ಲಿ ಲೂಯಿ ಕುಂಕೆಲ್ ಅವರ ಪ್ರಯೋಗಾಲಯ ಗುರುತಿಸಿತು. ತಂತುವಿನ ಒಳಗಿನ ಚೌಕಟ್ಟನ್ನು ಪೊರೆಗೂ, ಪೊರೆಯನ್ನು ಹೊರಗಿನ ನಾರಿಗೂ ಬಿಗಿಯುವ ಕೊಂಡಿ ಇದು. ಇದಿಲ್ಲದಿದ್ದಾಗ ಪ್ರತಿ ಸಂಕೋಚನದಲ್ಲೂ ಪೊರೆ ಅಲ್ಲಲ್ಲಿ ಸೀಳುತ್ತದೆ.

ಸೀಳಿನಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಹೊರಹಾಕುವುದಕ್ಕೆ ಎಟಿಪಿ ಸುರಿಯಬೇಕು. ಹೆಚ್ಚಾದ ಕ್ಯಾಲ್ಸಿಯಮ್ಮನ್ನು ಮೈಟೊಕಾಂಡ್ರಿಯಗಳು ತಮ್ಮೊಳಗೆ ಎಳೆದುಕೊಳ್ಳುತ್ತವೆ, ಆದರೆ ಮಿತಿ ಮೀರಿದಾಗ ಅವುಗಳ ಒಳಪೊರೆಯಲ್ಲಿ ದೊಡ್ಡ ರಂಧ್ರ ತೆರೆದು ಎಟಿಪಿ ಉತ್ಪಾದನೆಯೇ ನಿಲ್ಲುತ್ತದೆ, ಕೊನೆಗೆ ತಂತುವೂ ಸಾಯುತ್ತದೆ. ಇಷ್ಟರಲ್ಲಿ ಹುಟ್ಟಿದ ಆಮ್ಲಜನಕದ ಉಗ್ರ ಅಣುಗಳು ಪೊರೆಯನ್ನು ಇನ್ನಷ್ಟು ಕೆಡಿಸುತ್ತವೆ. ಇಲ್ಲಿ ಕಾರಣವಾದದ್ದೇ ಮುಂದೆ ಪರಿಣಾಮವೂ ಆಗಿ ಸುತ್ತುತ್ತದೆ ಎಂಬುದನ್ನು ಗಮನಿಸಬೇಕು.

ಇನ್ನೊಂದು ಹಾದಿಯಿಂದಲೂ ತೊಂದರೆ ಬರುತ್ತದೆ. ದುಡಿಯುವ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯಲು ನೈಟ್ರಿಕ್ ಆಕ್ಸೈಡ್ ಬೇಕು. ಅದನ್ನು ತಯಾರಿಸುವ ಕಿಣ್ವ ಪೊರೆಯ ಬಳಿ ಕೂರುವುದೇ ಡಿಸ್ಟ್ರೊಫಿನ್‌ನ ಆಸರೆಯಿಂದ. ಡಿಸ್ಟ್ರೊಫಿನ್ ಹೋದಾಗ ಕಿಣ್ವವೂ ನೆಲೆ ಕಳೆದುಕೊಳ್ಳುತ್ತದೆ. ರಕ್ತನಾಳಗಳು ಬೇಕಾದಾಗ ಹಿಗ್ಗುವುದಿಲ್ಲ. ಕೆಲಸ ಮಾಡುತ್ತಿರುವ ಸ್ನಾಯುವೇ ಆಮ್ಲಜನಕಕ್ಕೆ ಹಸಿಯುತ್ತದೆ.

ಮಗುವಿಗೆ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಿದೆ, ಲಿವರ್ ತೊಂದರೆ ಇರಬಹುದು ಎಂದಿದ್ದಾರೆ. ಇದಕ್ಕೂ ಸ್ನಾಯುವಿಗೂ ಸಂಬಂಧವಿದೆಯೇ?

ಇರಬಹುದು, ಮತ್ತು ಈ ಪ್ರಶ್ನೆಯನ್ನು ಬೇಗ ಕೇಳಿದರೆ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ. ಈ ಎರಡು ಕಿಣ್ವಗಳು ಯಕೃತ್ತಿನಲ್ಲಿ ಮಾತ್ರವಲ್ಲ, ಸ್ನಾಯುವಿನಲ್ಲೂ ಇವೆ. ಅಮೈನೋ ಆಮ್ಲಗಳ ಚಯಾಪಚಯಕ್ಕೆ ಎರಡು ಕಡೆಯೂ ಅವು ಬೇಕು. ಸ್ನಾಯುವಿನ ಪೊರೆ ಸೋರುವಾಗ ಅವೂ ರಕ್ತಕ್ಕೆ ಸೋರುತ್ತವೆ. ಹುಡುಗ ತಡವಾಗಿ ನಡೆದಿದ್ದರೆ, ಮೆಟ್ಟಿಲು ಹತ್ತಲು ಕೈಹಿಡಿ ಹುಡುಕುತ್ತಿದ್ದರೆ, ನೆಲದಿಂದ ಏಳುವಾಗ ಮೊದಲು ಎರಡೂ ಅಂಗೈಯನ್ನು ನೆಲಕ್ಕೆ ಊರಿ, ಆಮೇಲೆ ಮೊಣಕಾಲು, ತೊಡೆಗಳ ಮೇಲೆ ಒಂದೊಂದಾಗಿ ಕೈಯಿಟ್ಟು ತನ್ನ ಮೈಯನ್ನೇ ಮೇಲಕ್ಕೆ ನೂಕಿಕೊಳ್ಳುತ್ತಿದ್ದರೆ, ಯಕೃತ್ತಿನ ಬಯಾಪ್ಸಿಗೆ ಮೊದಲು ಸ್ನಾಯುವಿನಿಂದ ಸೋರುವ ಕಿಣ್ವವನ್ನು ಅಳೆಯುವ ಸಿಪಿಕೆ ಎಂಬ ಒಂದು ರಕ್ತಪರೀಕ್ಷೆ ಮಾಡಿಸಬೇಕು. ಡುಶೆನ್‌ನಲ್ಲಿ ಚಿಕ್ಕ ವಯಸ್ಸಿನಲ್ಲೇ ಇದು ಸಾಮಾನ್ಯ ಮಿತಿಯ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟಿನ ಆಸುಪಾಸು ಇರುತ್ತದೆ. ಯಕೃತ್ತಿನದ್ದೇ ಆದ ಜಿಜಿಟಿ ಎಂಬ ಕಿಣ್ವ ಸರಿಯಾಗಿದ್ದು ಉಳಿದವು ಏರಿದ್ದರೆ ಸ್ನಾಯುವಿನ ಮೇಲಿನ ಅನುಮಾನ ಬಲವಾಗುತ್ತದೆ.

ವರ್ಷಗಳು ಕಳೆದಂತೆ ಸಿಪಿಕೆ ಇಳಿಯುತ್ತ ಬರುವುದನ್ನು ಕಂಡು ಕಾಯಿಲೆ ಗುಣವಾಗುತ್ತಿದೆ ಎಂದುಕೊಳ್ಳುವವರಿದ್ದಾರೆ. ಸೋರುವುದಕ್ಕೆ ಉಳಿದಿರುವ ಸ್ನಾಯುವೇ ಕಡಿಮೆಯಾಗಿರುವುದು ಆ ಇಳಿಕೆಯ ಕಾರಣ.

ಮೀನಖಂಡ ದಪ್ಪವಾಗಿದೆ, ಆದರೂ ಕಾಲಿಗೆ ಬಲವಿಲ್ಲ. ಇದು ಹೇಗೆ?

ಆರಂಭದಲ್ಲಿ ಒಂದಷ್ಟು ತಂತುಗಳು ನಿಜವಾಗಿಯೂ ದಪ್ಪವಾಗುತ್ತವೆ. ಸೋತವುಗಳ ಕೆಲಸವನ್ನು ಉಳಿದವು ಹೊರುವ ಹೊಂದಾಣಿಕೆ ಅದು. ಮುಂದೆ ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ನಾರು ಸೇರಿ ಗಾತ್ರ ಉಳಿಯುತ್ತದೆ, ಬಲ ಹೋಗುತ್ತದೆ. ಎಂಆರ್‌ಐನಲ್ಲಿ ಈ ಕೊಬ್ಬಿನ ಪಾಲನ್ನು ಅಳೆಯಬಹುದು. ಔಷಧ ಪ್ರಯೋಗಗಳಲ್ಲಿ ಇಂದು ಈ ಅಳತೆಯನ್ನೂ ಬಳಸುತ್ತಿದ್ದಾರೆ.

ಎಲ್ಲ ಸ್ನಾಯುಗಳೂ ಒಟ್ಟಿಗೆ ಏಕೆ ಸೋಲುವುದಿಲ್ಲ?

ಡುಶೆನ್‌ನಲ್ಲಿ ಅತಿ ವೇಗದ ತಂತುಗಳು ಮೊದಲು ನಾಶವಾಗುತ್ತವೆ, ನಿಧಾನ ತಂತುಗಳು ಹೆಚ್ಚು ಕಾಲ ಉಳಿಯುತ್ತವೆ. ಸೊಂಟ ಮತ್ತು ತೊಡೆಯ ಸ್ನಾಯುಗಳು ಬೇಗ ಸೋಲುತ್ತವೆ, ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳು ಕೊನೆಯವರೆಗೂ ಬಹುತೇಕ ಸುರಕ್ಷಿತವಾಗಿರುತ್ತವೆ. ಎಲ್ಲ ಕಡೆಯೂ ಡಿಸ್ಟ್ರೊಫಿನ್ ಇಲ್ಲ. ಆದರೂ ಫಲಿತಾಂಶ ಬೇರೆ.

ನಿಧಾನ ತಂತುಗಳ ಅನುಕೂಲಗಳು ಒಂದಕ್ಕಿಂತ ಹೆಚ್ಚು. ಅವುಗಳ ಮೇಲೆ ಒಮ್ಮೆಗೇ ಬೀಳುವ ಎಳೆತ ಕಡಿಮೆ, ಮೈಟೊಕಾಂಡ್ರಿಯ ಹೆಚ್ಚು, ಮತ್ತು ಡಿಸ್ಟ್ರೊಫಿನ್‌ನ ಹತ್ತಿರದ ನೆಂಟನಾದ ಯುಟ್ರೊಫಿನ್ ಎಂಬ ಪ್ರೋಟೀನ್ ಅವುಗಳಲ್ಲಿ ಹೆಚ್ಚು ತಯಾರಾಗುತ್ತದೆ. ಡಿಸ್ಟ್ರೊಫಿನ್ ಇಲ್ಲದ ಎಂಡಿಎಕ್ಸ್ ಎಂಬ ಇಲಿಗಳಲ್ಲಿ ಪಿಜಿಸಿ-1 ಆಲ್ಫಾವನ್ನು ಹೆಚ್ಚಿಸಿದಾಗ ತಂತುಗಳು ನಿಧಾನ ಬಗೆಯ ಕಡೆಗೆ ಸರಿದು ಹಾನಿ ಕಡಿಮೆಯಾಯಿತು ಎಂದು 2007ರಲ್ಲಿ ಪ್ರಕಟವಾದ ಕೆಲಸ ತೋರಿಸಿತು; ಎಎಂಪಿಕೆಯನ್ನು ಔಷಧದಿಂದ ಎಚ್ಚರಿಸಿದಾಗಲೂ ಇಂಥದೇ ಫಲ ಕಂಡಿತು. ದೋಷವನ್ನು ಮುಟ್ಟದೆ ಚಯಾಪಚಯವನ್ನು ಬದಲಿಸಿ ಸ್ನಾಯುವನ್ನು ಗಟ್ಟಿಮಾಡಬಹುದು ಎಂಬ ಆಸೆ ಬೇರೂರಿದ್ದು ಇಲ್ಲಿ, ಮತ್ತು ಆ ಆಸೆಗೆ ಆಧಾರವಿದೆ ಎಂದೇ ನನ್ನ ಅಭಿಪ್ರಾಯ, ಮನುಷ್ಯರಲ್ಲಿ ಅದು ಇನ್ನೂ ಚಿಕಿತ್ಸೆಯಾಗಿ ಕೈಗೂಡಿಲ್ಲದಿದ್ದರೂ.

ಹಾನಿಯಾದ ಸ್ನಾಯು ಮತ್ತೆ ಬೆಳೆಯುವುದಿಲ್ಲವೇ?

ಬೆಳೆಯುತ್ತದೆ. ತಂತುಗಳ ಪಕ್ಕದಲ್ಲಿ ಅಂಟಿಕೊಂಡಿರುವ ಉಪಗ್ರಹ ಕೋಶಗಳೆಂಬ ಕಾಂಡಕೋಶಗಳನ್ನು ಅಲೆಕ್ಸಾಂಡರ್ ಮೌರೊ 1961ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದರು. ಹಾನಿಯಾದಾಗ ಇವು ಎಚ್ಚೆತ್ತು, ವಿಭಜಿಸಿ, ಹೊಸ ತಂತು ಕಟ್ಟುತ್ತವೆ.

ಚಯಾಪಚಯ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ವಿಶ್ರಾಂತಿಯಲ್ಲಿರುವ ಉಪಗ್ರಹ ಕೋಶ ಮುಖ್ಯವಾಗಿ ಕೊಬ್ಬಿನಾಮ್ಲವನ್ನು ಉರಿಸುತ್ತದೆ. ಎಚ್ಚೆತ್ತ ಕೂಡಲೇ ಅದು ಗ್ಲೂಕೋಸಿನ ಕಡೆಗೆ ತಿರುಗುತ್ತದೆ. ಆಗ ಕೋಶದಲ್ಲಿ ಎನ್‌ಎಡಿ ಎಂಬ ಸಹಕಿಣ್ವದ ಪ್ರಮಾಣ ಇಳಿಯುತ್ತದೆ. ಎನ್‌ಎಡಿ ಇಲ್ಲದೆ ಕೆಲಸ ಮಾಡಲಾಗದ ಸರ್ಟ್-1 ಎಂಬ ಕಿಣ್ವ ಮಂದವಾಗುತ್ತದೆ. ಅದು ಮಂದವಾದಾಗ ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್‌ಗಳ ಮೇಲೆ ಅಸಿಟೈಲ್ ಗುರುತುಗಳು ಉಳಿದು, ಸ್ನಾಯು ಕಟ್ಟುವ ವಂಶವಾಹಿಗಳು ತೆರೆದುಕೊಳ್ಳುತ್ತವೆ. ಕೋಶ ಯಾವ ಇಂಧನ ಉರಿಸುತ್ತಿದೆ ಎಂಬುದೇ ಅದು ಯಾವ ವಂಶವಾಹಿ ಓದಬೇಕೆಂಬುದನ್ನು ಹೇಳುತ್ತದೆ.

ಡುಶೆನ್‌ನಲ್ಲಿ ಈ ಕೋಶಗಳಿಗೂ ಡಿಸ್ಟ್ರೊಫಿನ್ ಇರುವುದಿಲ್ಲ, ಆದ್ದರಿಂದ ಅವುಗಳ ವಿಭಜನೆಯೂ ಸರಿಯಾಗಿ ನಡೆಯುವುದಿಲ್ಲ. ಮೇಲಿಂದ ಮೇಲೆ ಹಾನಿ, ಬಿಡದ ಉರಿಯೂತ, ಕೆಟ್ಟ ರಕ್ತಪೂರೈಕೆ ಇವೆಲ್ಲದರ ನಡುವೆ, ಪಕ್ಕದಲ್ಲೇ ಇರುವ ಇನ್ನೊಂದು ಬಗೆಯ ಕೋಶಗಳು ಕೊಬ್ಬು ಮತ್ತು ನಾರಾಗಿ ಬದಲಾಗಿ ಜಾಗ ತುಂಬುತ್ತವೆ. ಒಮ್ಮೆ ಹಾಗೆ ತುಂಬಿದ ಜಾಗವನ್ನು ಮತ್ತೆ ಸ್ನಾಯುವಾಗಿಸುವ ಚಿಕಿತ್ಸೆ ಇಲ್ಲ. ಬೇಗ ಪತ್ತೆಹಚ್ಚಬೇಕೆಂದು ವೈದ್ಯರು ಒತ್ತಾಯಿಸುವುದು ಇದಕ್ಕಾಗಿಯೇ.

ವ್ಯಾಯಾಮ ಮಾಡಿಸಬೇಕೇ, ಬೇಡವೇ?

ನೆಂಟರಲ್ಲಿ ಒಬ್ಬರು ಚೆನ್ನಾಗಿ ಓಡಿಸಿ, ಬಸ್ಕಿ ಹೊಡೆಸಿ ಎನ್ನುತ್ತಾರೆ. ಇನ್ನೊಬ್ಬರು ಮಗುವನ್ನು ಎತ್ತಿಕೊಂಡೇ ತಿರುಗಿ ಎನ್ನುತ್ತಾರೆ. ಎರಡರಿಂದಲೂ ಮಗುವಿಗೆ ಹಾನಿಯಿದೆ, ಮತ್ತು ಏಕೆ ಎಂಬುದು ಮೇಲಿನ ವಿವರಣೆಯಿಂದಲೇ ಹೊರಡುತ್ತದೆ.

ಸ್ನಾಯು ಉದ್ದವಾಗುತ್ತಲೇ ಬಲ ಹಾಕಬೇಕಾದ ಕೆಲಸಗಳು, ಅಂದರೆ ಮೆಟ್ಟಿಲು ಅಥವಾ ಇಳಿಜಾರು ಇಳಿಯುವುದು, ಬಸ್ಕಿ, ಟ್ರ್ಯಾಂಪೊಲಿನ್ ಮೇಲೆ ಕುಪ್ಪಳಿಸುವುದು, ಭಾರ ಎತ್ತುವುದು, ಪೊರೆಯನ್ನು ಹೆಚ್ಚು ಸೀಳುತ್ತವೆ. ಡುಶೆನ್ ಇರುವ ಮಗುವಿಗೆ ಇವು ಬೇಡ. ಇನ್ನೊಂದು ಕಡೆ, ಸುಮ್ಮನೆ ಕೂತ ಸ್ನಾಯು ಬೇಗ ಕ್ಷೀಣಿಸುತ್ತದೆ, ಮೈಟೊಕಾಂಡ್ರಿಯ ಕಳೆದುಕೊಳ್ಳುತ್ತದೆ, ಇನ್ಸುಲಿನ್‌ಗೆ ಸ್ಪಂದಿಸುವುದನ್ನು ಕಡಿಮೆ ಮಾಡುತ್ತದೆ, ಕೀಲುಗಳು ಬಿಗಿಯುತ್ತವೆ. ಆದ್ದರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಮಿತಿಯೊಳಗಿನ ಏರೋಬಿಕ್ ಚಟುವಟಿಕೆಯನ್ನು, ವಿಶೇಷವಾಗಿ ಈಜು ಮತ್ತು ಸೈಕಲ್ ತುಳಿಯುವುದನ್ನು, ಪ್ರೋತ್ಸಾಹಿಸುತ್ತವೆ. ನೀರಿನಲ್ಲಿ ಮೈಭಾರ ಇಳಿಯುತ್ತದೆ, ಹಾನಿಕರ ಎಳೆತ ಕಡಿಮೆಯಾಗುತ್ತದೆ, ಉಸಿರಿನ ಸ್ನಾಯುಗಳಿಗೂ ಕೆಲಸ ಸಿಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಡುಶೆನ್ ಇರುವ ಹುಡುಗರಿಗೆ ಮೋಟಾರ್ ನೆರವಿನ ಸೈಕಲ್ಲಿನಲ್ಲಿ ಕೈಕಾಲು ಆಡಿಸುವ ತರಬೇತಿ ಕೊಟ್ಟ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರು ಚಲನೆಯ ಅಂಕಗಳನ್ನು ಉಳಿಸಿಕೊಂಡರು, ಪಡೆಯದವರ ಅಂಕಗಳು ಇಳಿದವು.

ಮನೆಯಲ್ಲಿ ಗುರುತಿಸಬೇಕಾದದ್ದು ಇಷ್ಟು: ಆಟದ ಮರುದಿನವೂ ನೋವು ಉಳಿದರೆ, ದಣಿವು ರಾತ್ರಿಯ ನಿದ್ದೆಯಿಂದ ಹೋಗದಿದ್ದರೆ, ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿದರೆ ಮಿತಿ ಮೀರಿದೆ. ಮೂತ್ರದ ಬಣ್ಣ ಬದಲಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸಬಲ್ಲದು.

ನಡೆಯಲು ಶುರುಮಾಡಿದಾಗ ಬಹಳ ಕಷ್ಟ, ಹತ್ತು ನಿಮಿಷದ ನಂತರ ಸಲೀಸು. ಇಂಥ ಕಾಯಿಲೆಯೂ ಇದೆಯೇ?

ಇದೆ, ಮತ್ತು ಚಯಾಪಚಯಕ್ಕೂ ಹೊಂದಾಣಿಕೆಗೂ ಇರುವ ನಂಟನ್ನು ಇಷ್ಟು ನೇರವಾಗಿ ತೋರಿಸುವ ಕಾಯಿಲೆ ಮತ್ತೊಂದಿಲ್ಲ. ಬ್ರಿಟಿಷ್ ವೈದ್ಯ ಬ್ರಯಾನ್ ಮೆಕಾರ್ಡಲ್ 1951ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಸ್ನಾಯುವಿನ ಗ್ಲೈಕೋಜನ್ ಒಡೆಯುವ ಫಾಸ್ಫೊರಿಲೇಸ್ ಎಂಬ ಕಿಣ್ವವಿರುವುದಿಲ್ಲ. ಇಂಧನ ಸ್ನಾಯುವಿನಲ್ಲೇ ತುಂಬಿರುತ್ತದೆ, ಆದರೆ ಬಳಸಲಾಗುವುದಿಲ್ಲ. ಮೊದಲ ಕೆಲವು ನಿಮಿಷ ಎದೆ ಡವಗುಟ್ಟುತ್ತದೆ, ತೊಡೆ ಭಾರವಾಗುತ್ತದೆ, ಬಲವಂತವಾಗಿ ಮುಂದುವರಿದರೆ ಸ್ನಾಯು ಕಲ್ಲಿನಂತೆ ಬಿಗಿದುಕೊಳ್ಳುತ್ತದೆ. ಸುಮಾರು ಆರರಿಂದ ಹತ್ತು ನಿಮಿಷ ವೇಗ ತಗ್ಗಿಸಿ ನಡೆದರೆ, ಯಕೃತ್ತಿನಿಂದ ಗ್ಲೂಕೋಸ್ ಮತ್ತು ಕೊಬ್ಬಿನ ಅಂಗಾಂಶದಿಂದ ಕೊಬ್ಬಿನಾಮ್ಲ ರಕ್ತದ ಮೂಲಕ ಬಂದು ತಲುಪುತ್ತವೆ. ಅದೇ ವೇಗದಲ್ಲಿ ನಡೆಯುತ್ತಿದ್ದರೂ ಎದೆಬಡಿತ ಇಳಿಯುತ್ತದೆ, ನಡಿಗೆ ಹಗುರಾಗುತ್ತದೆ. ವೈದ್ಯರು ಇದನ್ನು 'ಎರಡನೇ ಉಸಿರು' ಎನ್ನುತ್ತಾರೆ.

ವ್ಯಾಯಾಮಕ್ಕೆ ಸ್ವಲ್ಪ ಮೊದಲು ಸಕ್ಕರೆ ಕೊಟ್ಟರೆ ಮೊದಲ ನಿಮಿಷಗಳ ಕಷ್ಟ ತಗ್ಗುತ್ತದೆ ಎಂದು 2003ರ ಅಧ್ಯಯನ ತೋರಿಸಿತು. ನಿಯಮಿತ, ಹಗುರ ಏರೋಬಿಕ್ ತರಬೇತಿಯಿಂದ ಇವರ ದುಡಿಮೆಯ ಸಾಮರ್ಥ್ಯ ನಿಜಕ್ಕೂ ಏರುತ್ತದೆ. ಸೋಮಾರಿ ಎಂದು ಶಾಲೆಯ ಆಟದ ಮೈದಾನದಲ್ಲಿ ಬೈಸಿಕೊಂಡ ಮಗುವಿಗೆ ಈ ರೋಗನಿರ್ಣಯ ಸಿಕ್ಕಿತೆಂದರೆ ಅದರ ಬದುಕೇ ಬದಲಾಗುತ್ತದೆ.

ಮೈಟೊಕಾಂಡ್ರಿಯದ ಕಾಯಿಲೆಗಳಲ್ಲಿ ಹೊಂದಾಣಿಕೆ ಇನ್ನೊಂದು ರೂಪ ತಾಳುತ್ತದೆ. ಎಟಿಪಿ ಸಾಲದೆ ತಂತು ಹೆಚ್ಚು ಹೆಚ್ಚು ಮೈಟೊಕಾಂಡ್ರಿಯ ಕಟ್ಟುತ್ತದೆ, ಆದರೆ ಕಟ್ಟಿದವೂ ದೋಷದವೇ. ಬಯಾಪ್ಸಿಯಲ್ಲಿ ಅಂಚು ಹರಕಾದ ಕೆಂಪು ತಂತುಗಳಾಗಿ ಕಾಣುವುದು ಈ ವಿಫಲ ಪ್ರಯತ್ನವೇ.

ತೊಂದರೆ ನರದಲ್ಲಿರುವ ಕಾಯಿಲೆಗಳಲ್ಲೂ ಚಯಾಪಚಯ ಮುಖ್ಯವೇ?

ಮುಖ್ಯ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಎಎಲ್‌ಎಸ್ ಎಂಬ ಕಾಯಿಲೆ ಇರುವವರಲ್ಲಿ ದೊಡ್ಡ ಪಾಲಿನ ಜನ, ಸ್ನಾಯು ಕರಗುತ್ತಿದ್ದರೂ, ವಿಶ್ರಾಂತಿಯಲ್ಲಿ ನಿರೀಕ್ಷೆಗಿಂತ ಹೆಚ್ಚು ಕ್ಯಾಲೊರಿ ಖರ್ಚು ಮಾಡುತ್ತಾರೆ. ತೂಕ ಬೇಗ ಇಳಿಯುವವರಲ್ಲಿ ಕಾಯಿಲೆ ಬೇಗ ಮುಂದುವರಿಯುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡ ಸಂಗತಿ. ನುಂಗುವುದು ಕಷ್ಟವಾದಾಗ ಹೊಟ್ಟೆಗೆ ನಳಿಕೆ ಹಾಕಿಸುವುದನ್ನು ಕೊನೆಯ ಘಟ್ಟದ ಕ್ರಮವೆಂದು ಮನೆಯವರು ಮುಂದೂಡುತ್ತಾರೆ. ತೂಕ ಇನ್ನೂ ಉಳಿದಿರುವಾಗ, ಉಸಿರಾಟ ಇನ್ನೂ ಚೆನ್ನಾಗಿರುವಾಗ ಹಾಕಿಸುವುದೇ ಸುರಕ್ಷಿತ.

ಬೆನ್ನುಹುರಿಯ ನರಕೋಶಗಳು ಸಾಯುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯಲ್ಲಿ ಎಸ್‌ಎಂಎನ್ ಎಂಬ ಪ್ರೋಟೀನಿನ ಕೊರತೆ ಇರುವುದು ಬೆನ್ನುಹುರಿಯಲ್ಲಿ ಮಾತ್ರವಲ್ಲ, ದೇಹದ ಎಲ್ಲ ಕೋಶಗಳಲ್ಲಿ. ಈ ಮಕ್ಕಳಲ್ಲಿ ಸ್ನಾಯು ಕಡಿಮೆ, ಆದ್ದರಿಂದ ಇಂಧನದ ಸಂಗ್ರಹವೂ ಕಡಿಮೆ; ಕೊಬ್ಬಿನಾಮ್ಲಗಳ ಬಳಕೆಯಲ್ಲೂ ಏರುಪೇರು ಕಾಣುತ್ತದೆ. 2016ರ ಕೊನೆಯಲ್ಲಿ ನುಸಿನರ್ಸೆನ್, 2019ರಲ್ಲಿ ವಂಶವಾಹಿ ಚಿಕಿತ್ಸೆ, 2020ರಲ್ಲಿ ರಿಸ್ಡಿಪ್ಲಾಮ್ ಅಮೆರಿಕದಲ್ಲಿ ಅನುಮೋದನೆ ಪಡೆದ ಮೇಲೆ ಈ ಕಾಯಿಲೆಯ ಗತಿಯೇ ಬದಲಾಯಿತು. ಆದರೆ ಔಷಧ ಸಿಕ್ಕ ಮಗುವಿಗೂ ಆಹಾರದ ಎಚ್ಚರಿಕೆ ತಪ್ಪಿದ್ದಲ್ಲ.

ಉಪವಾಸ ಮಾಡಬಹುದೇ? ವಿಶೇಷ ಪಥ್ಯ ಇದೆಯೇ?

ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಇರುವ ಮಕ್ಕಳು ಹೆಚ್ಚು ಹೊತ್ತು ಹಸಿದಿರಬಾರದು. ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಜ್ವರ, ವಾಂತಿ, ಶಸ್ತ್ರಚಿಕಿತ್ಸೆಯ ದಿನಗಳಲ್ಲಿ ಇದು ಇನ್ನೂ ಮುಖ್ಯ, ಮತ್ತು ಬಾಯಿಂದ ಆಹಾರ ಹೋಗದಿದ್ದರೆ ಗ್ಲೂಕೋಸ್ ಡ್ರಿಪ್ ಬೇಕು. ಕೊಬ್ಬಿನಾಮ್ಲವನ್ನು ಮೈಟೊಕಾಂಡ್ರಿಯದೊಳಗೆ ಒಯ್ಯಲಾಗದ ಸಿಪಿಟಿ-2 ಕೊರತೆಯಲ್ಲಿ ಏಕಾದಶಿಯ ಉಪವಾಸ, ಅದರ ಮೇಲೆ ಬೆಟ್ಟ ಹತ್ತುವ ಹರಕೆ, ಇವೆರಡೂ ಸೇರಿದರೆ ಸ್ನಾಯು ಒಡೆದು ಆಸ್ಪತ್ರೆ ಸೇರಬೇಕಾದೀತು. ದೇವರ ಮೇಲಿನ ಭಕ್ತಿಯನ್ನು ಯಾರೂ ಪ್ರಶ್ನಿಸುತ್ತಿಲ್ಲ. ಹಣ್ಣು, ಅವಲಕ್ಕಿ, ಹಾಲು ಆಗಾಗ ತೆಗೆದುಕೊಂಡು ವ್ರತ ನಡೆಸುವ ದಾರಿಯನ್ನು ಮನೆಯ ಹಿರಿಯರೇ ತೋರಿಸಿಕೊಡಬಹುದು.

ಡುಶೆನ್‌ನಲ್ಲಿ ಪಥ್ಯದ ಕಷ್ಟ ವಯಸ್ಸಿನೊಂದಿಗೆ ತಿರುವು ಪಡೆಯುತ್ತದೆ. ನಡಿಗೆ ನಿಲ್ಲುವ ಹೊತ್ತಿಗೆ ಕ್ಯಾಲೊರಿ ಖರ್ಚು ಇಳಿದಿರುತ್ತದೆ, ಸ್ಟೀರಾಯ್ಡ್ ಹಸಿವು ಹೆಚ್ಚಿಸಿರುತ್ತದೆ, ಮರುಕದಿಂದ ಬೇಕರಿ ತಿಂಡಿಯೂ ಹೆಚ್ಚು ಸಿಗುತ್ತಿರುತ್ತದೆ. ತೂಕ ಏರುತ್ತದೆ, ದುರ್ಬಲ ಸ್ನಾಯು ಹೊರಬೇಕಾದ ಭಾರವೂ ಏರುತ್ತದೆ. ಯೌವನದ ನಂತರ ಇದು ತಿರುಗುತ್ತದೆ: ಅಗಿಯುವುದು, ನುಂಗುವುದು ನಿಧಾನವಾಗಿ, ಉಸಿರಾಟಕ್ಕೇ ಶಕ್ತಿ ವ್ಯಯವಾಗಿ, ತೂಕ ಇಳಿಯತೊಡಗುತ್ತದೆ. ಪ್ರತಿ ಭೇಟಿಯಲ್ಲೂ ತೂಕ ಬರೆದಿಟ್ಟುಕೊಳ್ಳುವುದು ಸಣ್ಣ ಕೆಲಸವೆಂದು ಬಿಡಬಾರದು.

ಸ್ಟೀರಾಯ್ಡ್ ಸ್ನಾಯುವನ್ನು ಕರಗಿಸುತ್ತದೆ ಎನ್ನುತ್ತಾರೆ. ಹಾಗಾದರೆ ಡುಶೆನ್‌ನಲ್ಲಿ ಅದನ್ನೇ ಏಕೆ ಕೊಡುತ್ತಾರೆ?

ಎರಡೂ ಮಾತು ನಿಜ. ಆರೋಗ್ಯವಂತ ಸ್ನಾಯುವಿನಲ್ಲಿ ದೀರ್ಘಕಾಲದ ಸ್ಟೀರಾಯ್ಡ್ ಪ್ರೋಟೀನ್ ಒಡೆಯುವ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ, ವಿಶೇಷವಾಗಿ ವೇಗದ ತಂತುಗಳಲ್ಲಿ. ಡುಶೆನ್‌ನಲ್ಲಿ ಸ್ನಾಯುವನ್ನು ಹೆಚ್ಚು ಹಾಳುಗೆಡವುತ್ತಿರುವುದರಲ್ಲಿ ಬಿಡದ ಉರಿಯೂತವೂ ಒಂದಾದ್ದರಿಂದ, ಅದನ್ನು ತಗ್ಗಿಸಿದ ಲಾಭ ಈ ನಷ್ಟವನ್ನು ಮೀರುತ್ತದೆ. ನಡಿಗೆ ಕೆಲವು ವರ್ಷ ಹೆಚ್ಚು ಉಳಿಯುತ್ತದೆ, ಬೆನ್ನು ಬಾಗುವುದು ಕಡಿಮೆಯಾಗುತ್ತದೆ, ಉಸಿರಾಟದ ಶಕ್ತಿ ಹೆಚ್ಚು ಕಾಲ ನಿಲ್ಲುತ್ತದೆ. 2022ರಲ್ಲಿ ಪ್ರಕಟವಾದ ದೊಡ್ಡ ಹೋಲಿಕೆಯಲ್ಲಿ ಪ್ರತಿದಿನ ಕೊಟ್ಟ ಪ್ರೆಡ್ನಿಸೋನ್ ಅಥವಾ ಡಿಫ್ಲಾಜಕಾರ್ಟ್, ಹತ್ತು ದಿನ ಕೊಟ್ಟು ಹತ್ತು ದಿನ ಬಿಡುವ ಕ್ರಮಕ್ಕಿಂತ ಉತ್ತಮ ಫಲ ಕೊಟ್ಟಿತು.

ಬೆಲೆಯನ್ನೂ ತೆರಬೇಕಾಗುತ್ತದೆ: ತೂಕ, ಕುಂಠಿತ ಎತ್ತರ, ಕಣ್ಣಿನ ಪೊರೆ, ಇನ್ಸುಲಿನ್‌ಗೆ ಸ್ಪಂದನೆ ಇಳಿಯುವುದು, ಮತ್ತು ಮೂಳೆ ಟೊಳ್ಳಾಗುವುದು. ಬೆನ್ನುನೋವು ಎಂದ ಹುಡುಗನ ಬೆನ್ನೆಲುಬಿನಲ್ಲಿ ಸದ್ದಿಲ್ಲದೆ ಮುರಿತವಾಗಿರಬಹುದು, ಎಕ್ಸ್-ರೇ ಮಾಡಿಸಬೇಕು. ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸುವುದು ಪ್ರಾಣಾಪಾಯ, ಏಕೆಂದರೆ ದೇಹದ ಸ್ವಂತ ಕಾರ್ಟಿಸೋಲ್ ತಯಾರಿಕೆ ಮಲಗಿರುತ್ತದೆ. ಮಾತ್ರೆ ಮುಗಿದಿದೆ, ಮುಂದಿನ ವಾರ ತಂದರಾಯಿತು ಎನ್ನುವಂತಿಲ್ಲ.

ಪ್ರೋಟೀನ್ ಪುಡಿ, ಕ್ರಿಯಾಟಿನ್, ಕೋಎನ್‌ಜೈಮ್ ಕ್ಯೂ-10 ಇವುಗಳಿಂದ ಲಾಭವಿದೆಯೇ?

ಮಸ್ಕ್ಯುಲರ್ ಡಿಸ್ಟ್ರೊಫಿಗಳಲ್ಲಿ ಕ್ರಿಯಾಟಿನ್ ಬಲವನ್ನು ಅಲ್ಪಸ್ವಲ್ಪ ಹೆಚ್ಚಿಸುತ್ತದೆ ಎಂದು ಪ್ರಯೋಗಗಳ ಒಟ್ಟು ಪರಿಶೀಲನೆ ಹೇಳುತ್ತದೆ. ಮೆಕಾರ್ಡಲ್ ಕಾಯಿಲೆಯಲ್ಲಿ ಹೆಚ್ಚು ಪ್ರಮಾಣದ ಅದೇ ಕ್ರಿಯಾಟಿನ್ ನೋವನ್ನು ಹೆಚ್ಚಿಸಿತು. ಒಂದು ಕಾಯಿಲೆಯ ಸಲಹೆಯನ್ನು ಇನ್ನೊಂದಕ್ಕೆ ಅಂಟಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಕ್ಯೂ-10ರ ಸಂಬಂಧಿಯಾದ ಐಡೆಬೆನೋನ್ ಡುಶೆನ್‌ನಲ್ಲಿ ಉಸಿರಾಟದ ಕುಸಿತವನ್ನು ನಿಧಾನಿಸುವಂತೆ ಒಂದು ಪ್ರಯೋಗದಲ್ಲಿ ಕಂಡಿತು. ಮುಂದಿನ ಪ್ರಯೋಗವನ್ನು ಫಲ ಕಾಣದೆಂದು 2020ರಲ್ಲಿ ನಿಲ್ಲಿಸಿದರು. ಪ್ರೋಟೀನ್ ಪುಡಿಗೆ ಸುರಿಯುವ ಹಣದಲ್ಲಿ ಮೊಟ್ಟೆ, ಬೇಳೆ, ಮೊಸರು, ರಾಗಿ ಚೆನ್ನಾಗಿ ಬರುತ್ತವೆ. ವಿಟಮಿನ್ ಡಿ ಮಾತ್ರ ಪರೀಕ್ಷಿಸಿ, ಕೊರತೆಯಿದ್ದರೆ ತುಂಬಿಸಲೇಬೇಕು.

ಇಲಿಗಳಲ್ಲಿ ಗೆದ್ದ ಔಷಧಗಳು ಮಕ್ಕಳಲ್ಲಿ ಏಕೆ ಸೋಲುತ್ತವೆ?

ಎಂಡಿಎಕ್ಸ್ ಇಲಿಯ ಸ್ನಾಯು ಹಾನಿಯನ್ನು ಬಹಳ ಚೆನ್ನಾಗಿ ತುಂಬಿಕೊಳ್ಳುತ್ತದೆ. ಅದರಲ್ಲಿ ಕೊಬ್ಬು ಮತ್ತು ನಾರು ತುಂಬುವುದು ಮನುಷ್ಯರಷ್ಟು ತೀವ್ರವಲ್ಲ. ರಕ್ತನಾಳ ಹಿಗ್ಗಿಸುವ ತಡಾಲಫಿಲ್ ರಕ್ತದ ಹರಿವಿನ ದೋಷವನ್ನು ತಿದ್ದುವ ಭರವಸೆ ಹುಟ್ಟಿಸಿತ್ತು, ಆದರೆ ದೊಡ್ಡ ಪ್ರಯೋಗದಲ್ಲಿ ಹುಡುಗರ ನಡಿಗೆಯ ಕುಸಿತ ನಿಧಾನವಾಗಲಿಲ್ಲ. ಸ್ನಾಯುವಿನ ಬೆಳವಣಿಗೆಗೆ ತಡೆಯೊಡ್ಡುವ ಮಯೋಸ್ಟಾಟಿನ್ ಎಂಬ ಪ್ರೋಟೀನ್ 1997ರಲ್ಲಿ ಪತ್ತೆಯಾದಾಗ ಅದನ್ನು ತಡೆದರೆ ಸಾಕು ಎನಿಸಿತ್ತು. ಅದರ ವಿರುದ್ಧದ ಡೊಮಾಗ್ರೊಜುಮಾಬ್ ಪ್ರಯೋಗವೂ, ಯುಟ್ರೊಫಿನ್ ಹೆಚ್ಚಿಸುವ ಎಜುಟ್ರೊಮಿಡ್ ಪ್ರಯೋಗವೂ 2018ರಲ್ಲಿ ನಿಂತವು. ಕಾರಣವೇ ಪರಿಣಾಮವಾಗಿ ತಿರುಗುವ ಹಾನಿಯ ಸುತ್ತಿನಲ್ಲಿ ಒಂದೇ ಕೊಂಡಿಯನ್ನು ತಿದ್ದಿದರೆ ಉಳಿದ ಕೊಂಡಿಗಳು ಹಾನಿಯನ್ನು ಮುಂದುವರಿಸುತ್ತವೆ.

ಹಾಗೆಂದು ಬಾಗಿಲು ಮುಚ್ಚಿಲ್ಲ. ಹಿಸ್ಟೋನ್‌ಗಳ ಅಸಿಟೈಲ್ ಗುರುತು ಅಳಿಸುವ ಕಿಣ್ವಗಳನ್ನು ತಡೆಯುವ ಗಿವಿನೊಸ್ಟಾಟ್‌ಗೆ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಡುಶೆನ್‌ಗಾಗಿ ಅನುಮೋದನೆ ಸಿಕ್ಕಿತು. ಇದು ಯಾವ ಬಗೆಯ ದೋಷವಿದ್ದರೂ ಕೊಡಬಹುದಾದ, ಸ್ಟೀರಾಯ್ಡ್ ಅಲ್ಲದ ಔಷಧ.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು? ಸರ್ಕಾರದ ನೆರವು ಇದೆಯೇ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ಕಾಯಿಲೆಗಳ ತಪಾಸಣೆಯೂ ವಂಶವಾಹಿ ಪರೀಕ್ಷೆಯೂ ನಡೆಯುತ್ತವೆ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಲ್ಲಿ ಡುಶೆನ್, ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಮತ್ತು ಪಾಂಪೆ ಕಾಯಿಲೆ (ಗ್ಲೈಕೋಜನ್ ಸ್ನಾಯುವಿನಲ್ಲಿ ಕೂಡಿಕೊಳ್ಳುವ ಕಾಯಿಲೆ) ಸೇರಿವೆ. ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡಲು ಅವಕಾಶವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ ಒಂದು, ಆದ್ದರಿಂದ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.

ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ವೈದ್ಯರಿಗೆ ಏನು ಹೇಳಬೇಕು?

ಕಾಯಿಲೆಯ ಹೆಸರನ್ನು ಬರೆದೇ ಕೊಡಿ, ಹಲ್ಲು ಕೀಳಿಸುವಂಥ ಚಿಕ್ಕ ಕೆಲಸವಾದರೂ ಸರಿ. ಡುಶೆನ್‌ನಲ್ಲಿ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಡಲೇಬಾರದು: ಸೋರುವ ಪೊರೆಯಿಂದ ಪೊಟ್ಯಾಸಿಯಂ ಒಮ್ಮೆಗೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳನ್ನೂ ತಪ್ಪಿಸಿ, ರಕ್ತನಾಳದ ಮೂಲಕವೇ ಅರಿವಳಿಕೆ ಕೊಡುವುದು ಇಂದಿನ ಸಲಹೆ. ಮಗು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಆ ದಿನಕ್ಕೆ ಹೆಚ್ಚುವರಿ ಪ್ರಮಾಣ ಬೇಕಾಗುತ್ತದೆ. ಹೃದಯ ಮತ್ತು ಶ್ವಾಸಕೋಶದ ಪರೀಕ್ಷೆಗಳು ಮೊದಲೇ ಆಗಿರಬೇಕು. ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಮಗುವಿನ ಹೆಸರು ಬೆಳಗ್ಗೆಯೇ ಮೊದಲು ಬರಲಿ ಎಂದು ಕೇಳಿಕೊಳ್ಳಿ, ಆಗ ಹಸಿವಿನಲ್ಲಿ ಕಾಯಬೇಕಾದ ಗಂಟೆಗಳು ಕಡಿಮೆಯಾಗುತ್ತವೆ.